ಅಕ್ಕನ ಕಿಟಕಿಯ ಬಿಸಿಗಾಳಿ

ತಾಯಂದಿರೇ, ಅಣ್ಣಂದಿರೇ, ಇಷ್ಟು ಹೊತ್ತು ದಯೆಯ ಮಾತು ಆಡಿದೆವು. ದಯೆ ಮನಸ್ಸಿನಲ್ಲಿ ಇದ್ದರೆ ಸಾಕೇ? ಸಾಲದು. ಅದು ಮನೆಯ ಹಿತ್ತಲಿನವರೆಗೂ ನಡೆದು ಹೋಗಬೇಕು. ಹೇಗೆ ಅಂತೀರಾ? ಬನ್ನಿ, ಒಬ್ಬ ಸಾಹುಕಾರನ ಮನೆಗೆ ಹೋಗಿ ನೋಡಿಕೊಂಡು ಬರೋಣ.

ನಮ್ಮೂರಿನಂಥದೇ ಬಿಸಿಲಿನ ಊರು. ಅಲ್ಲಿ ತೊಗರಿಬೇಳೆಯ ಗಿರಣಿ ನಡೆಸುವ ಸಾಹುಕಾರ. ಕೆಟ್ಟವನಲ್ಲ, ನೋಡಿ. ಈ ಕಥೆಯಲ್ಲಿ ಕೆಟ್ಟವರು ಯಾರೂ ಇಲ್ಲ, ಅದಕ್ಕೇ ಇದನ್ನು ನಿಮಗೆ ಹೇಳುತ್ತಿರುವುದು. ತಾಯಿ ತೀರಿಕೊಂಡಾಗ ಅವನು ಇನ್ನೂ ನಾಲ್ಕು ವರ್ಷದ ಕೂಸು. ಎತ್ತಿ ಆಡಿಸಿದವಳು, ತುತ್ತು ಮಾಡಿ ಉಣಿಸಿದವಳು ಅಕ್ಕ. ಗಂಡನನ್ನು ಕಳೆದುಕೊಂಡ ಆ ಅಕ್ಕ ಈಗ ಅವನ ಮನೆಯಲ್ಲೇ, ಹಿಂದಿನ ಕೋಣೆಯಲ್ಲಿ ಇದ್ದಳು. ಬೆಳಿಗ್ಗೆ ಅವಳ ಕಾಲು ಮುಟ್ಟದೆ ಅವನು ಒಂದು ದಿನವೂ ಗಿರಣಿಗೆ ಹೋದವನಲ್ಲ.

ಆ ವರ್ಷ ಯುಗಾದಿ ಮುಗಿದು ಬಿಸಿಲು ಏರಿತು. ಒಂದು ದಿನ ಅಕ್ಕ ಅಂದಳು, "ತಮ್ಮಾ, ನಾ ಹಳ್ಳಿಗೆ ಹೋಗ್ತೀನಪ. ಇನ್ನ ಅಲ್ಲೇ ಇರ್ತೀನಿ."

"ಯಾಕಕ್ಕಾ? ಇಕಿ ಏನರ ಅಂದಳೇನು?" ಅಂತ ಸಾಹುಕಾರ ಹೆಂಡತಿಯ ಕಡೆ ನೋಡಿದ.

"ಆಕಿ ಬಂಗಾರದಂಥಾಕಿ. ಆಕಿ ಹೆಸರು ಯಾಕ ತಗೀತಿ? ನನಗೇ ಹೋಗಬೇಕನಿಸೇದ. ಬರೋ ಸೋಮವಾರ ಬಸ್ಸು ಹತ್ತಿಸು."

ಹೋದರೆ ಮತ್ತೆ ಬರುವವಳಲ್ಲ ಅಂತ ಅವನಿಗೆ ಗೊತ್ತು. ಏನು ಕಡಿಮೆ ಮಾಡಿದೆ ನಾನು? ಊಟ ಸರಿಯಿಲ್ಲವೇ? ಔಷಧಿ ತಂದುಕೊಡಲಿಲ್ಲವೇ? ಎರಡು ದಿನ ಇದೇ ಯೋಚನೆ. ಕೊನೆಗೆ ಹೊಳೆಯಿತು: ಶೆಕೆ. ನಡುಮನೆಯ ಏಸಿ ಹಳೆಯದಾಗಿತ್ತು. ಗಂಟೆಗಟ್ಟಲೆ ಓಡಿದರೂ ತಂಪಿಲ್ಲ. ಹೊಸದು ತರೋಣ, ದೊಡ್ಡದು ತರೋಣ, ಅಕ್ಕನ ಕೋಣೆಗೂ ಒಂದು ಹಾಕಿಸೋಣ.

ಅಕ್ಕ ಕೈ ಆಡಿಸಿಬಿಟ್ಟಳು. "ನಿನ್ನ ಮಶೀನಿನ ಗಾಳಿ ನನಗ ಬ್ಯಾಡೋ ಮಾರಾಯ. ಈಗ ಇದ್ದದ್ದೇ ಸಾಕು."

ಇದ್ದದ್ದೇ ಸಾಕು ಅಂದಳಲ್ಲ, ಆ ಮಾತು ಅವನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ನಮಗೂ ಹಾಗೇ ಅಲ್ಲವೇ? ಮನೆಯವರು ನಾಲ್ಕು ಶಬ್ದದಲ್ಲಿ ಕಷ್ಟ ಹೇಳಿರುತ್ತಾರೆ, ನಾವು ಮೂರು ಕೇಳಿಸಿಕೊಂಡು ಎದ್ದು ಹೋಗಿರುತ್ತೇವೆ.

ಅಂಗಡಿಯವರು ಎರಡು ಟನ್ನಿನದು ಹಾಕಿಸಿ ಅಂದರು. ಭಾವಮೈದ ಅಂದ, "ಎರಡೇ ಯಾಕ್ರೀ, ಗಿರಣಿ ಸಾಹುಕಾರರು ನೀವು, ಇನ್ನೂ ದೊಡ್ಡದು ನೋಡ್ರಿ." ಎಲ್ಲರೂ ಯಂತ್ರದ ಮಾತು ಆಡಿದರು. ಮನೆಯ ಮಾತು ಯಾರೂ ಆಡಲಿಲ್ಲ. ಕೊನೆಗೆ ಹಳೆಯದನ್ನು ಬಿಚ್ಚಿ ಹೊಸದು ಕೂರಿಸಲು ಒಬ್ಬ ಮೆಕ್ಯಾನಿಕನನ್ನು ಕರೆಸಿದರು. ವಯಸ್ಸಾದವನು, ಕೈ ತುಂಬಾ ಸುಟ್ಟ ಗುರುತು. ಬೆಳಿಗ್ಗೆ ಹತ್ತಕ್ಕೆ ಬಂದ, ಒಮ್ಮೆ ಸುತ್ತ ನೋಡಿದ, ಚೀಲ ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟ.

"ಯಾಕಪಾ, ಹೊಂಟಿ?"

"ಹತ್ತು ಗಂಟೇಕ ಎಲ್ಲಾರ ಮನೀನೂ ತಂಪೇ ಇರ್ತಾವ್ರಿ. ಮೂರಕ್ಕ ಬರ್ತೀನಿ. ಆಗ ಮನಿ ಖರೇ ಹೇಳ್ತದ."

ಮೂರಕ್ಕೆ ಬಂದ. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಮನೆಯೆಲ್ಲ ತಿರುಗಿದ. ಗೋಡೆಗೆ ಅಂಗೈ ಇಟ್ಟು ನೋಡಿದ. ಎಲ್ಲಿ ಯಾರು ಮಲಗುತ್ತಾರೆ, ಯಾವ ಕಿಟಕಿ ತೆಗೆಯುತ್ತೀರಿ ಅಂತ ಕೇಳುತ್ತಾ ಹೋದ. ಸಾಹುಕಾರನಿಗೆ ನಗು ಬಂತು. "ಏನಪಾ, ಏಸಿ ಹಾಕಾಕ ಬಂದೀಯೋ, ಕನ್ಯಾ ನೋಡಾಕ ಬಂದೀಯೋ?"

"ಎರಡೂ ಒಂದೇ ರೀ. ಸರಿಯಾಗಿ ನೋಡದಿದ್ರ ಹತ್ತು ವರ್ಷ ಅನುಭವಿಸಬೇಕು."

ಅಕ್ಕನ ಕೋಣೆಗೆ ಬಂದರು. ಕಿಟಕಿ ಮುಚ್ಚಿತ್ತು. ಅಕ್ಕ ತಲೆಯ ಮೇಲೆ ಹಸಿ ಬಟ್ಟೆ ಹಾಕಿಕೊಂಡು ಕುಳಿತಿದ್ದಳು. "ಯಾವಾಗ್ಲೂ ಮುಚ್ಚಿರ್ತೀರೇನ್ರೀ, ಅಮ್ಮಾ?" ಅಂದ ಮೆಕ್ಯಾನಿಕ್.

"ಧೂಳು ಬರ್ತದಪ್ಪ," ಅಂದಳು, ತಮ್ಮನ ಮುಖ ನೋಡದೆ.

ಮೆಕ್ಯಾನಿಕ್ ಹೊರಗೆ ಹೋದ. ಮನೆಗೂ ಕಂಪೌಂಡಿಗೂ ನಡುವೆ ಒಂದು ಸಂದಿ, ಒಬ್ಬರು ನಿಲ್ಲುವಷ್ಟು ಜಾಗ. ಅಲ್ಲೇ ಅಕ್ಕನ ಕಿಟಕಿ, ಅದರ ಪಕ್ಕದಲ್ಲೇ ನಡುಮನೆಯ ಏಸಿಯ ಹೊರಗಿನ ಡಬ್ಬಿ. ಮಳೆ ಬೀಳಬಾರದೆಂದು ಮೇಲೆ ತಗಡು ಬೇರೆ.

"ಈ ಜಾಗ ಯಾರು ತೋರಿಸಿದ್ರಿ?"

"ನಾನೇ. ಮುಂದ ಹಾಕಿದ್ರ ಮನೀ ಅಂದ ಕೆಡ್ತದಂತ."

"ಚಾಲೂ ಮಾಡಿಸ್ತೀನಿ. ಒಂದು ಐದು ನಿಮಿಷ ಇಲ್ಲಿ ನಿಲ್ತೀರೇನ್ರಿ?"

ಇನ್ನೊಬ್ಬನಾಗಿದ್ದರೆ ನನಗೇ ಹೇಳ್ತೀಯಾ ಅನ್ನುತ್ತಿದ್ದ. ಈ ಸಾಹುಕಾರ ನಿಂತ. ಅವನ ದೊಡ್ಡತನ ಇದ್ದದ್ದು ಅಲ್ಲಿ. ಡಬ್ಬಿ ಗುರ್ರೆಂದು ತಿರುಗಿತು. ಒಲೆಯ ಬಾಯಿ ತೆರೆದ ಹಾಗೆ ಗಾಳಿ ಮುಖಕ್ಕೆ ಹೊಡೆಯಿತು. ಎದುರಿನ ಗೋಡೆಗೆ ಬಡಿದು ತಿರುಗಿ ಬಂತು. ಒಂದು ನಿಮಿಷಕ್ಕೆ ಅಂಗಿ ತೊಯ್ದಿತು. ಎರಡಕ್ಕೆ ಉಸಿರು ಕಟ್ಟಿತು. ನಡುಮನೆಯಲ್ಲಿ ಅವನು ಬೀಗರ ಜೊತೆ ತಂಪಾಗಿ ಕುಳಿತು ನಕ್ಕ ಮಧ್ಯಾಹ್ನಗಳೆಲ್ಲ ನೆನಪಿಗೆ ಬಂದವು. ಅಷ್ಟೂ ಮಧ್ಯಾಹ್ನ ಈ ಗಾಳಿ ಎಲ್ಲಿಗೆ ಹೋಗುತ್ತಿತ್ತು?

ಆಗ ಒಳಗಿನಿಂದ ಕಿಟಕಿಯ ಒಂದು ಬಾಗಿಲು ತೆರೆಯಿತು. "ಯಾರದು? ತಮ್ಮಾ, ನೀನೇನೋ? ಆ ಬಿಸಿಯಾಗ ಯಾಕ ನಿಂತೀಯೋ, ಸರಿ ಈ ಕಡೆ. ತಲಿ ಸುತ್ತಿ ಬಿದ್ದೀಯ."

ಕೇಳಿದಿರಾ? ಎಷ್ಟೋ ಬೇಸಿಗೆ ಅದೇ ಬಿಸಿ ತಿಂದವಳು ಎರಡು ನಿಮಿಷ ನಿಂತ ತಮ್ಮನಿಗೆ ಮರುಗುತ್ತಾಳೆ.

"ಅಕ್ಕಾ, ನನಗೊಂದು ಮಾತು ಹೇಳಬಾರದಾಗಿತ್ತೇನು?"

"ಮಂದಿ ಬಂದಾಗ ನೀನು ಆ ಮಶೀನು ಹಚ್ಚಿ ಎಷ್ಟು ಖುಷಿಯಿಂದ ಕೂಡ್ತಿದ್ದಿ. ಅದನ್ನ ಹೆಂಗ ಕೆಡಸಲಿ?"

ಅವನು ಹಾಗೇ ಗೋಡೆಗೆ ಒರಗಿ ಅತ್ತ. ಮೆಕ್ಯಾನಿಕ್ ಬೇರೆ ಕಡೆ ನೋಡುತ್ತಾ ತಗಡಿನ ಮೊಳೆ ಕಿತ್ತ.

ಈಗ ಆ ಮೆಕ್ಯಾನಿಕನನ್ನು ನೋಡಿ. ದೊಡ್ಡ ಯಂತ್ರ ಕೂರಿಸಿ ಹೋಗಿದ್ದರೆ ಕೇಳುವವರು ಯಾರಿದ್ದರು? ಅವನೇನಂದ? "ಎರಡು ಟನ್ನು ಬ್ಯಾಡ್ರಿ. ನಿಮ್ಮ ನಡುಮನಿಗೆ ಮೊದಲಿನಷ್ಟೇ ಸಾಕು. ಡಬ್ಬಿ ಬಿಟ್ಟ ಬಿಸಿಗಾಳೀನ ಡಬ್ಬೀನೇ ತಿರುಗಿ ಎಳಕೊಳ್ತಿತ್ತು, ಅದಕ್ಕ ತಂಪು ಸತ್ತಿತ್ತು. ದೊಡ್ಡದು ತಂದು ಇಲ್ಲೇ ಹಾಕಿದ್ರ ಅಮ್ಮಗ ಇನ್ನೂ ದೊಡ್ಡ ಒಲಿ ಹೂಡಿದಂಗ." ಹೊಸ ಡಬ್ಬಿಯನ್ನು ಮಾಳಿಗೆಗೆ ಏರಿಸಿದ, ಯಾರ ಕಿಟಕಿಯೂ ಇಲ್ಲದ ಕಡೆ, ನೆರಳಿನಲ್ಲಿ. ಅಕ್ಕನ ಕೋಣೆಯ ಮೇಲಿನ ಮಾಳಿಗೆಗೆ ಸುಣ್ಣ ಬಳಿಸಿದ. ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸಿದ. ಯಂತ್ರ ಒಲ್ಲೆ ಅಂದವಳಿಗೆ ಆ ಬೇರಿನ ವಾಸನೆಯ ಗಾಳಿಯಲ್ಲಿ ಮಧ್ಯಾಹ್ನ ಕಣ್ಣು ಹತ್ತಿತು.

ಸೋಮವಾರ ಬಂತು. ಸಾಹುಕಾರ ಹೆದರುತ್ತಾ ಕೋಣೆಗೆ ಹೋದ. ಕಟ್ಟಿಟ್ಟ ಗಂಟು ಬಿಚ್ಚಿತ್ತು, ಸೀರೆಗಳು ಗೂಟಕ್ಕೆ ಏರಿದ್ದವು. "ಬಸ್ಸಿನ್ಯಾಗ ಭಾಳ ಶೆಕಿ ಅಂತೋ ತಮ್ಮಾ," ಅಂದಳು ಅಕ್ಕ.

ಈಗ ನಿಮ್ಮ ಸರದಿ. ತಂಪು ಬೇಡ ಅಂತ ನಾನು ಹೇಳುವುದಿಲ್ಲ. ಈ ಬಿಸಿಲಿನಲ್ಲಿ ಹಾಗೆ ಹೇಳಿದರೆ ನೀವೇ ಎದ್ದು ಹೋಗುತ್ತೀರಿ. ಹೊಸದು ತನ್ನಿ. ಆದರೆ ಅಂಗಡಿಗೆ ಹೋಗುವ ಮುಂಚೆ ಮಧ್ಯಾಹ್ನ ಮೂರಕ್ಕೆ ಬರಿಗಾಲಲ್ಲಿ ನಿಮ್ಮ ಮನೆ ತಿರುಗಿ. ಮುಚ್ಚಿದ ಕಿಟಕಿ ಕಂಡರೆ ಯಾಕೆ ಮುಚ್ಚಿದೆ ಅಂತ ಕೇಳಿ, ಧೂಳು ಅಂದರೆ ನಂಬಬೇಡಿ, ಹೊರಗೆ ಹೋಗಿ ನಿಂತು ನೋಡಿ. ನಿಮ್ಮ ಗಾಳಿ ನೆರೆಯವರ ತೊಟ್ಟಿಲ ಮೇಲೆ ಹೋಗುತ್ತಿದೆಯೋ, ಪಾತ್ರೆ ತೊಳೆಯುವವಳ ಬೆನ್ನಿಗೆ ಬಡಿಯುತ್ತಿದೆಯೋ, ನೋಡಿ. ಯಂತ್ರಕ್ಕೆ ಮಾತ್ರ ಹೇಳುತ್ತಿಲ್ಲ. ನಮ್ಮ ಪ್ರತಿಯೊಂದು ಸುಖಕ್ಕೂ ಹೊರಗೆ ಒಂದು ಡಬ್ಬಿ ಇರುತ್ತದೆ. ಅದನ್ನು ಎಲ್ಲಿ ಕೂರಿಸಿದ್ದೇವೆ?

ಮನೆಗೆ ಹೋಗುವವರೆಗೂ ಕಾಯಬೇಕಿಲ್ಲ. ಈ ಪೆಂಡಾಲಿನ ಎರಡೂ ಕೂಲರು ನಿಮ್ಮ ಕಡೆ, ನನ್ನ ಕಡೆ ಮುಖ ಮಾಡಿವೆ. ಹಿಂದೆ ತಗಡಿನ ಕೆಳಗೆ ನಾಲ್ವರು ತಾಯಂದಿರು ನಿಮಗಾಗಿ ಹುಗ್ಗಿ ತಿರುವುತ್ತಿದ್ದಾರೆ. ಅಣ್ಣಂದಿರೇ, ಇಬ್ಬರು ಏಳಿ. ನನ್ನ ಪಕ್ಕದ ಈ ಕೂಲರನ್ನು ಮೊದಲು ಅಲ್ಲಿಗೆ ತಳ್ಳಿಕೊಂಡು ಹೋಗಿ. ಮಂಗಳಾರತಿ ಆಮೇಲೆ.