ಆರು ವರ್ಷ ತಳ್ಳಿದ ಕಾರು

ನಾನು ಬಸ್ಸಿಗೆ ಕಾಯುತ್ತಿದ್ದೆ. ಎದುರು ಮನೆಯ ಗೇಟಿನ ಮುಂದೆ ಹಳೇ ಕಾರೊಂದರ ಬಾನೆಟ್ಟಿನೊಳಗೆ ಮೆಕ್ಯಾನಿಕ್ ತಲೆ ತೂರಿಸಿದ್ದ. ಪಕ್ಕದಲ್ಲಿ ಮನೆಯ ಯಜಮಾನರು.

“ಬ್ಯಾಟರಿ ಚೆನ್ನಾಗಿದೆ, ಪೆಟ್ರೋಲೂ ಬರ್ತಿದೆ. ಸ್ಟಾರ್ಟರ್ ಮೋಟರೇ ಹೋಗಿದೆ ಸರ್. ತುಕ್ಕು ನೋಡಿದ್ರೆ ಇವತ್ತು ನಿನ್ನೇದಲ್ಲ.”

“ಆರು ವರ್ಷ ಆಯ್ತು.”

“ಮತ್ತೆ ಇಷ್ಟು ದಿನ ಹೇಗೆ ಓಡಿಸಿದ್ರಿ?”

“ಓಡಿಸ್ತಿದ್ದಿದ್ದು ನನ್ನ ಹೆಂಡ್ತಿ. ನಾನು ತಳ್ತಿದ್ದೆ.”

“ರಿಪೇರಿ ಮಾಡಿಸ್ಬಾರ್ದಿತ್ತಾ?”

“ತಿಂದಿದ್ದು ಕರಗ್ಲಿ, ತಳ್ರೀ ಅಂತಿದ್ಲು.”

ಇಬ್ಬರೂ ನಕ್ಕರು.

“ಅಮ್ಮಾವ್ರು ಮನೇಲಿಲ್ವಾ?”

“ತೀರ್ಕೊಂಡು ಮೂರು ತಿಂಗ್ಳಾಯ್ತು.”

ಮೆಕ್ಯಾನಿಕ್ ಬಾನೆಟ್ಟನ್ನು ಮೆಲ್ಲಗೆ ಮುಚ್ಚಿದ.

“ಹೊಸ ಮೋಟರ್ ಹಾಕ್ತೀನಿ ಬಿಡಿ. ಆಮೇಲೆ ನೀವೊಬ್ರೇ ಸ್ಟಾರ್ಟ್ ಮಾಡ್ಕೋಬಹುದು.”

“ಹೂಂ. ಒಬ್ನೇ.”

“ಈಗ ಗ್ಯಾರೇಜಿಗೆ ಹೋಗೋಣ. ನೀವು ಸ್ಟೀರಿಂಗ್ ಹಿಡೀರಿ, ನಾನು ತಳ್ತೀನಿ.”

ತಲೆಯಾಡಿಸಿದ ಯಜಮಾನರು ನೆಟ್ಟಗೆ ಕಾರಿನ ಹಿಂದಕ್ಕೆ ನಡೆದು, ಡಿಕ್ಕಿಯ ಮೇಲೆ ಎರಡೂ ಅಂಗೈ ಊರಿ, ಖಾಲಿ ಸೀಟಿನ ಕಡೆ ಕೂಗಿದರು:

“ಎರಡನೇ ಗೇರ್ ಹಾಕಿದ್ಯೇನೇ?”

ಮೆಕ್ಯಾನಿಕ್ ಕೈ ಒರೆಸಿಕೊಂಡ. ಆಮೇಲೆ ತಾನೇ ಹೋಗಿ ಡ್ರೈವರ್ ಸೀಟಿನಲ್ಲಿ ಕೂತ.

“ಹಾಕ್ದೆ ಸರ್. ತಳ್ಳಿ.”

ಕಾರು ಮೆಲ್ಲಗೆ ಉರುಳಿ ತಿರುವಿನಲ್ಲಿ ಮರೆಯಾಯಿತು.