ಬೆಳ್ಳಗೇ ಉಳಿದ ಒರೆಸುಬಟ್ಟೆ

ಕೆಲಸಕ್ಕೆಂದು ಹೊಸಪೇಟೆಗೆ ಬಂದಾಗಿನಿಂದ, ದಿನಾ ಸಂಜೆ ಕಂಪ್ಲಿಯಿಂದ ಅವ್ವ ಫೋನ್ ಮಾಡಿದಾಗ ‘ಆರಾಮದೀನಿ’ ಅನ್ನುತ್ತೇನೆ. ನನ್ನ ದನಿಯಲ್ಲೇ ಸುಳ್ಳು ಗೊತ್ತಾಗುತ್ತದೇನೋ ಎಂದು ಅಳುಕು.

ಇವತ್ತು ಬಸ್‌ಸ್ಟ್ಯಾಂಡಿನಲ್ಲಿ ಪಕ್ಕದಲ್ಲೇ ಇಬ್ಬರು ಹೆಂಗಸರು ಕೂತಿದ್ದರು. ಒಬ್ಬಳು ತನ್ನ ಹಳೇ ನೆರೆಮನೆಯವಳಾದ ಇನ್ನೊಬ್ಬಳನ್ನು ಸಂಡೂರು ಬಸ್ಸಿಗೆ ಹತ್ತಿಸಲು ಬಂದಿದ್ದಳು.

“ನಿನ್ನ ಚಿತ್ತವಾಡ್ಗಿ ಹೊಸ ಮನಿ ಮಸ್ತ್ ಐತಿ ಬಿಡು ಕರೆಮ್ಮ. ನಮ್ಮ ಯಶವಂತನಗರದ ಗಣಿ ಕೆಂಪು ಧೂಳು ತಪ್ತು ನಿಂಗ.”

“ಎಲ್ಲಾರೂ ಹಂಗ ಅಂತಾರ ಜಂಬವ್ವಕ್ಕ. ನಾನೂ ನಗ್ತೀನಿ.”

“ಮತ್ತೇನಾತೇ?”

“ನೆಲ ಒರಸಿದ್ರೂ ಬಟ್ಟಿ ಬೆಳ್ಳಗಾ ಇರ್ತೈತಕ್ಕ. ಅದನ್ನ ನೋಡಿದ್ರ ಅಳು ಬರ್ತೈತಿ.”

“ಹುಚ್ಚಿ! ದಿನಾ ಆ ಧೂಳಿಗೆ ಬೈತಿದ್ದಿ.”

“ಬಾಜೂಕ ನೀ ಇರ್ತಿದ್ದಿ. ಇಬ್ರೂ ಕೂಡಿ ಬೈತಿದ್ವಿ.”

“ಮಗನ ಮುಂದ ಹೇಳೀಯೇನು?”

“ಮಾರೇಶ್ ಭಾಳ ಆಸಿಪಟ್ಟು ಕಟ್ಸ್ಯಾನ. ಹೆಂಗ ಹೇಳ್ಲಿ?”

“ಹಂಗಾರ ನಾಳಿ ಬಂದು ನಮ್ಮನಿ ಒರಸಿ ಹೋಗು.”

ಇಬ್ಬರೂ ನಕ್ಕರು. ಬಸ್ಸು ಬಂತು, ಜಂಬವ್ವ ಹತ್ತಿದಳು. ಬಸ್ಸು ತಿರುಗುವವರೆಗೂ ನಗುತ್ತಾ ಕೈಬೀಸಿದ ಕರೆಮ್ಮ, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಆಟೋ ಕಡೆ ನಡೆದಳು.

ನನ್ನ ಫೋನ್ ರಿಂಗಾಯಿತು. ಅವ್ವ.

“ಆರಾಮದಿಯೇನವ್ವಾ?”

“ಇಲ್ಲವ್ವ,” ಎಂದೆ. “ನಿನ್ನ ನೆನಪು ಭಾಳ ಆಗ್ತೈತಿ.”