ಪುಸ್ತಕದಲ್ಲಿ ಸಿಗದ ಹಕ್ಕಿ

ಇನ್ನೂ ಹತ್ತಿರ ಬಾ. ಆ ಕಿಟಕಿ ಮುಚ್ಚು... ಹೇಳಿದ್ದು ಹೊಟ್ಟೆಯಲ್ಲೇ ಇಟ್ಟುಕೋಬೇಕು. ಹೊರಗೆ ಬಿದ್ದರೆ, ಹೇಳಿದವಳು ನಾನಂತೂ ಅಲ್ಲ.

ಪಕ್ಕದ ಮನೆ ಇಸ್ತ್ರಿಯವಳು ಗೊತ್ತಲ್ಲ? ಅವಳ ಗಂಡ ಕುಡುಕ, ಬಾವಿಗೆ ಬಿದ್ದು ಸತ್ತ. ದಿನಾ ತಡವಾಗಿ ಬಂದು ಬಾವಿಕಟ್ಟೆ ಹತ್ತಿರ ನಿಂತು ಶಿಳ್ಳೆ ಹಾಕೋನು. ಎರಡು ಗಿಡ್ಡ, ಒಂದು ಉದ್ದ. ಇವಳು ಎದ್ದು ಚಿಲಕ ತೆಗೀಬೇಕು. ಆ ರಾತ್ರಿ ಮಾತ್ರ ತೆಗೆಯಲಿಲ್ಲ. "ನಿದ್ದೆ ಹತ್ತಿತ್ತು, ಕೇಳಿಸಲೇ ಇಲ್ಲ" ಅಂತ ಊರಿಗೆಲ್ಲ ಹೇಳಿದಳು. ಬೆಕ್ಕು ನಡೆದರೆ ಎದ್ದು ಕೂರೋ ಹೆಂಗಸು... ಇರಲಿ, ನನಗ್ಯಾಕೆ. ಬಾವಿಗೆ ಮಣ್ಣು ತುಂಬಿ ಮುಚ್ಚಿದರು.

ವರ್ಷ ಕಳೆದ ಮೇಲೆ ಒಂದು ರಾತ್ರಿ, ಬಟ್ಟೆ ಗಂಟು ಕೊಟ್ಟು ತಂಗಿಯ ಜೊತೆ ಬರುತ್ತಿದ್ದಾಳೆ. ಎಲೆ ಅಲ್ಲಾಡದ ರಾತ್ರಿ. ಆ ಬಾವಿಯ ಪಕ್ಕದ ಆಲದಿಂದ... ಫ್ಯೂ. ಫ್ಯೂ. ಫ್ಯೂಊಊ.

ತಂಗಿ ಅಕ್ಕನ ಸೆರಗು ಹಿಡಿದುಕೊಂಡಳು.

"ಅಕ್ಕಾ... ಭಾವ..."

"ಬಾಯ್ಮುಚ್ಚೇ. ಹಕ್ಕಿ ಅದು."

"ಯಾವ ಹಕ್ಕಿ?"

ತಂಗಿಯ ಕೈ ಹಿಡಿದು ದರದರ ಮನೆಗೆ ಎಳೆದುಕೊಂಡು ಬಂದಳು. ಆಮೇಲೆ ರಾತ್ರಿ ರಾತ್ರಿಯೂ ಅದೇ. ನಿದ್ದೆಗೆಟ್ಟು ಯಾರದ್ದೋ ಅಂಗಿಯ ಬೆನ್ನು ಸುಟ್ಟಳು. ಅವಳಿಗೆ ಬೇಕಾಗಿದ್ದು ಒಂದೇ... ಅದು ಹಕ್ಕಿಯಾಗಿರಬೇಕು. ರೆಕ್ಕೆ ಇರೋ, ಹೆಸರಿರೋ ಹಕ್ಕಿ. ಹಾಗಾದರೆ ಗಂಡ ಸತ್ತ ರಾತ್ರಿ ತಾನು ಕೇಳಿದ್ದೂ ಹಕ್ಕಿಯೇ ಅಂತ ಮಗ್ಗುಲು ಬದಲಿಸಿ ಮಲಗಬಹುದಲ್ಲ.

ಅದಕ್ಕೇ ಸಾರ್ವಜನಿಕ ಗ್ರಂಥಾಲಯದ ಮೆಟ್ಟಿಲು ಹತ್ತಿದಳು, ಜನ್ಮದಲ್ಲಿ ಪುಸ್ತಕ ಮುಟ್ಟದವಳು. ದಿನಾ ಹೋಗ್ತಾಳಲ್ಲ, ಆ ಲೈಬ್ರರಿಯವನ ಜೊತೆ ಏನೋ ನಡೆದಿದೆ ಅಂತಲೇ ನಾನು ಅಂದುಕೊಂಡೆ. ಅವನು ಹಕ್ಕಿಗಳ ದಪ್ಪ ಪುಸ್ತಕ ತೆಗೆದುಕೊಟ್ಟ. ಮನೆಗೆ ಒಯ್ಯೋ ಹಾಗಿಲ್ಲ, ಅಲ್ಲೇ ಕೂತು ನೋಡೋದು. ಚಿತ್ರ ನೋಡಿದರೆ ದನಿ ಗೊತ್ತಾಗುತ್ತಾ? ಕಂಪ್ಯೂಟರಿನಲ್ಲಿ ಕೂಗು ಹಾಕಿ ಅವಳ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿದ. ಗೂಬೆ ಗೂಕ್ ಅಂತು. ಟಿಟ್ಟಿಭ ಟಿಟ್ಟಿಟ್ಟೀ ಅಂತು. ಇನ್ಯಾವುದೋ ಚಕ್ ಚಕ್ ಚಕ್... ಇವಳು ತಲೆ ಆಡಿಸಿದಳು. ಯಾವುದೂ ಅಲ್ಲ.

"ನೆನಪಿನಿಂದ ಹುಡುಕಿದರೆ ಸಿಗಲ್ಲಮ್ಮ. ಫೋನಲ್ಲಿ ರೆಕಾರ್ಡ್ ಮಾಡಿ ತನ್ನಿ, ಎರಡನ್ನೂ ಕೇಳಿ ನೋಡೋಣ," ಅಂದ, ಪಾಪ.

ಅವತ್ತು ಕತ್ತಲಾಗೋ ಮುಂಚೆಯೇ ಚಿಲಕ ಹಾಕಿ, ಕಿಟಕಿ ಸಂದಿಯಿಂದ ಫೋನು ಚಾಚಿ ಕೂತಳು. ಶಿಳ್ಳೆ ಬಂತು. ತಂಗಿಯೂ ಕೇಳಿದಳು. ಮಾರನೇ ದಿನ ಒಯ್ದು ಕೊಟ್ಟರೆ, ಅವನು ಕಣ್ಣು ಮುಚ್ಚಿ ಕೇಳಿದ. ಮತ್ತೆ ಕೇಳಿದ.

"ಇದರಲ್ಲಿ ಹಕ್ಕಿ ಎಲ್ಲಿದೆಯಮ್ಮ? ಯಾರೋ ಒಳಗಿನಿಂದ ಚಿಲಕ ಹಾಕ್ತಾರೆ... ಟಕ್ ಅಂತ. ಆಮೇಲೆ ನೀರಿಗೆ ಏನೋ ದುಡುಂ ಅಂತ ಬೀಳುತ್ತೆ. ನಿಮ್ಮನೆ ಹತ್ತಿರ ಬಾವಿ ಇದೆಯಾ?"

ಪುಸ್ತಕ ಮುಚ್ಚಿಟ್ಟು ಎದ್ದು ಬಂದಳು. ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಇದೆಲ್ಲ ನನ್ನ ಕಿವಿಗೆ ಹಾಕಿದ್ದು ಅವಳ ತಂಗಿಯೇ. ಹೇಳಿದವಳು ಬಟ್ಟೆಬರೆ ಕಟ್ಟಿಕೊಂಡು ಬೇರೆ ಮನೆ ಸೇರಿದಳು.

ನಾನು ಬಿಡ್ತೀನಾ? ನಿನ್ನೆ ಇಸ್ತ್ರಿಯವಳ ಬಾಗಿಲಿಗೇ ಹೋದೆ. ಹೊಸ್ತಿಲ ಪಕ್ಕ ಗಂಡಸಿನ ಚಪ್ಪಲಿ ಜೋಡಿ, ಮೇಲೆಲ್ಲ ಹಸಿಮಣ್ಣು. ಮಳೆ ಬಂದು ಎಷ್ಟು ಕಾಲವಾಯ್ತು ಹೇಳು... ಈ ಕಣ್ಣಾರೆ ನೋಡಿದ್ದು, ಸುಳ್ಳಾದರೆ ನಾಲಿಗೆ ಬಿದ್ದುಹೋಗಲಿ.

"ಏನಮ್ಮ, ನಿನ್ನ ಹಕ್ಕಿ ಈಗ ಕೂಗಲ್ವಾ?" ಅಂತ ಕೇಳೇಬಿಟ್ಟೆ.

ನನ್ನ ಮುಖಕ್ಕೇ ಮುಖ ಕೊಟ್ಟು ಹೇಳಿದಳು:

"ಮೆಲ್ಲಗೆ ಮಾತಾಡಿ ಅಜ್ಜಿ. ಮೊನ್ನೆ ಬಾಗಿಲು ತೆಗೆದೆ. ಒಳಗೆ ಮಲಗಿದ್ದಾರೆ."